ನಿಮ್ಮ ಕೆಲಸವನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಲೈಫ್ ಕೋಚ್‌ಗಳನ್ನು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಬೆಳಿಗ್ಗೆ ಪೇಪರ್ ಬಿಚ್ಚಿದಾಗ ಒಳಗಿಂದ ಒಂದು ಪಾಂಪ್ಲೆಟ್ ಜಾರಿ ಬಿತ್ತು. ಹಳದಿ ಬಣ್ಣದ ಹೊಳೆಯುವ ಕಾಗದ. 'ಎರಡೇ ದಿನದಲ್ಲಿ ಸರ್ಟಿಫೈಡ್ ಲೈಫ್ ಕೋಚ್ ಆಗಿ, ಮನೆಯಿಂದಲೇ ತಿಂಗಳಿಗೆ ಲಕ್ಷ ದುಡಿಯಿರಿ' ಎಂದು ದಪ್ಪಕ್ಷರದಲ್ಲಿತ್ತು. ಲೈಫ್ ಕೋಚ್ ಅಂದರೆ ಬದುಕಿನ ನಿರ್ಧಾರಗಳ ಬಗ್ಗೆ ಯೋಚಿಸಲು ಜೊತೆ ಕೂತು ನೆರವಾಗುವವರು. ಶನಿವಾರ, ಭಾನುವಾರ, ಮೈಸೂರಿನ ಒಂದು ಹೋಟೆಲಿನ ಹಾಲ್, ಮಧ್ಯಾಹ್ನದ ಊಟ ಸೇರಿ ಇಷ್ಟು ರೂಪಾಯಿ. ಪಾಂಪ್ಲೆಟ್ ಸೇರಿಸುವುದು ಏಜೆಂಟರ ಮಟ್ಟದ ಕೆಲಸ, ಪತ್ರಿಕೆಗೆ ಅದು ಗೊತ್ತೂ ಇರುವುದಿಲ್ಲ ಎಂದು ನನಗೆ ತಿಳಿದಿದೆ. ಅದರ ಮೇಲೆ ದೂರು ಹೇಳಲು ಬರೆಯುತ್ತಿಲ್ಲ. 2019ರಲ್ಲಿ ಇಂಥದ್ದೇ ಒಂದು ಪಾಂಪ್ಲೆಟ್ ನೋಡಿ ಹೋದವಳು ನಾನು. ಆಮೇಲೆ ಏನಾಯಿತು ಎಂದು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು.

ನಾನು ಮಂಡ್ಯದವಳು. ಅಲ್ಲಿ ಒಂದು ಅನುದಾನಿತ ಹೈಸ್ಕೂಲಿನಲ್ಲಿ 26 ವರ್ಷ ಗಣಿತ ಪಾಠ ಮಾಡಿದೆ. ಮಗಳು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು ಕುವೆಂಪುನಗರಕ್ಕೆ ಬಂದೆವು. ಹಳೇ ವಿದ್ಯಾರ್ಥಿಗಳು ಆಗಾಗ ಫೋನ್ ಮಾಡುತ್ತಿದ್ದರು. ಕೆಲಸ ಬಿಡಲಾ ಮಿಸ್, ಈ ಸಂಬಂಧಕ್ಕೆ ಒಪ್ಪಲಾ ಮಿಸ್, ಅಪ್ಪನ ಗದ್ದೆ ಮಾರಲಾ ಮಿಸ್ ಎಂದು ಕೇಳುತ್ತಿದ್ದರು. ಇದನ್ನೇ ಸರಿಯಾಗಿ ಕಲಿತು ಮಾಡಿದರೆ ನಾಲ್ಕು ಜನಕ್ಕೆ ಉಪಯೋಗವಾಗುತ್ತದೆ ಅನ್ನಿಸಿತು. ಆಗಲೇ ಪಾಂಪ್ಲೆಟ್ ಕಣ್ಣಿಗೆ ಬಿದ್ದದ್ದು.

ಎರಡು ದಿನದ ಆ ಕೋರ್ಸಿನಲ್ಲಿ ನಾವು ನಲವತ್ತಕ್ಕೂ ಜಾಸ್ತಿ ಜನ ಇದ್ದೆವು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆ. ಊಟ, ಎರಡು ಸಲ ಟೀ ಕಳೆದರೆ ದಿನಕ್ಕೆ ಆರೂವರೆ ಗಂಟೆ, ಎರಡು ದಿನಕ್ಕೆ 13 ಗಂಟೆ. ಅದರಲ್ಲಿ ನಾನು ಇನ್ನೊಬ್ಬರ ಎದುರು ಕೂತು ನಿಜಕ್ಕೂ ಕೋಚಿಂಗ್ ಮಾಡಿದ್ದು ನಲವತ್ತು ನಿಮಿಷ. ಉಳಿದ ಹೊತ್ತೆಲ್ಲ ಕೇಳಿದ್ದು, ಚಪ್ಪಾಳೆ ತಟ್ಟಿದ್ದು, ಕನಸುಗಳನ್ನು ಚೀಟಿಯಲ್ಲಿ ಬರೆದದ್ದು. ಪರೀಕ್ಷೆ ಇರಲಿಲ್ಲ, ಹಾಗಾಗಿ ಯಾರೂ ನಪಾಸಾಗಲಿಲ್ಲ. ಭಾನುವಾರ ಸಂಜೆ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಫ್ರೇಮ್ ಹಾಕಿದ ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆದರು. ಅದನ್ನು ಮನೆಯ ಮುಂದಿನ ರೂಮಿನಲ್ಲಿ ನೇತು ಹಾಕಿದೆ. ವಿಸಿಟಿಂಗ್ ಕಾರ್ಡ್ ಮಾಡಿಸಿದೆ. ನಾನು ಕೋಚ್ ಆದೆ ಎಂದು ಮನಸಾರೆ ನಂಬಿದ್ದೆ.

ಮೂರನೇ ತಿಂಗಳಲ್ಲಿ ಒಬ್ಬರು ಬಂದರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಪುಟ್ಟ ಮಗುವಿನ ತಾಯಿ. ಕೋರ್ಸಿನಲ್ಲಿ ಕಲಿಸಿದ ಹಾಗೆ ನಾನು ಒಂದು ಕಾಗದದ ಮೇಲೆ ಚಕ್ರ ಬರೆದು ಎಂಟು ಭಾಗ ಮಾಡಿದೆ. ಆರೋಗ್ಯ, ಹಣ, ಸಂಸಾರ, ಕೆಲಸ, ಸ್ನೇಹ, ಹೀಗೆ ಒಂದೊಂದು ಭಾಗಕ್ಕೆ ಒಂದೊಂದು ಹೆಸರು. ಪ್ರತಿಯೊಂದಕ್ಕೂ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ, ಗುರುತು ಹಾಕಿ ಅಂದೆ. ಅಂಚಿಗೆ ಹೋದಷ್ಟೂ ಅಂಕ ಜಾಸ್ತಿ, ನಡುವೆ ಸೊನ್ನೆ. ಆಕೆ ಪೆನ್ ಹಿಡಿದು ತುಂಬಾ ಹೊತ್ತು ಕಾಗದವನ್ನೇ ನೋಡುತ್ತಿದ್ದರು. ಆಮೇಲೆ ಒಂದೊಂದೇ ಚುಕ್ಕಿ ಇಟ್ಟರು. ಎಂಟೂ ಚುಕ್ಕಿ ನಡುವಿಗೆ ಅಂಟಿಕೊಂಡಿದ್ದವು. ಎಲ್ಲ ಸೇರಿಸಿದರೆ ಒಂದು ಕಡಲೆಬೇಳೆಯಷ್ಟು ಜಾಗ.

ಆ ಕಾಗದ ಈಗಲೂ ನನ್ನ ಹತ್ತಿರ ಇದೆ.

ಅದನ್ನು ನೋಡಿ ನಾನು ಅಂದದ್ದು, 'ಮುಂದಿನ ವಾರಕ್ಕೆ ಇದರಲ್ಲಿ ಯಾವುದಾದರೂ ಒಂದನ್ನ ಮೂರಕ್ಕೆ ತರೋಣ.' ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಆಕೆ ಮೆಲ್ಲಗೆ ಹೇಳಿದರು, 'ನಿದ್ದೆನೇ ಬರಲ್ಲ ಮೇಡಂ. ಊಟ ಸೇರಲ್ಲ. ಬೆಳಿಗ್ಗೆ ಯಾಕ್ ಎದ್ದೇಳ್ಬೇಕು ಅಂತಾನೇ ಗೊತ್ತಾಗಲ್ಲ.' ನಾನು ಬೆಳಿಗ್ಗೆ ಐದಕ್ಕೆ ಎದ್ದು, ಆವತ್ತಿನ ಮೂರು ಒಳ್ಳೆಯ ವಿಷಯ ಬರೆಯಿರಿ ಎಂದು ಹೇಳಿ ಕಳಿಸಿದೆ. ಮೂರು ವಾರ ಬಂದರು. ಪ್ರತಿ ಸಲ 800 ರೂಪಾಯಿ ಕೊಟ್ಟರು. ನಾಲ್ಕನೇ ವಾರ ಬರಲಿಲ್ಲ. ಅವರ ಅಕ್ಕ ಫೋನ್ ಮಾಡಿದರು. ಆಸ್ಪತ್ರೆಗೆ ಸೇರಿಸಿದ್ದರು. ಇದು ಜೋರಾದ ಡಿಪ್ರೆಷನ್, ಮೊದಲೇ ಕರೆದುಕೊಂಡು ಬರಬೇಕಿತ್ತು ಎಂದು ಅಲ್ಲಿನ ಮಾನಸಿಕ ತಜ್ಞರು ಹೇಳಿದರಂತೆ. ಇಷ್ಟು ದಿನ ಯಾರಿಗೆ ತೋರಿಸುತ್ತಿದ್ದಿರಿ ಎಂದು ಕೇಳಿದಾಗ ನನ್ನ ಕಾರ್ಡ್ ತೆಗೆದು ಕೊಟ್ಟರಂತೆ. ಅಕ್ಕ ಬೈಯಲಿಲ್ಲ. ಒಂದೇ ಮಾತು ಕೇಳಿದರು.

'ನೀವು ಡಾಕ್ಟ್ರಾ ಮೇಡಂ?'

ಆಕೆ ಔಷಧಿ ತೆಗೆದುಕೊಂಡು, ವರ್ಷದೊಳಗೆ ಚೇತರಿಸಿಕೊಂಡು, ಈಗ ಚೆನ್ನಾಗಿದ್ದಾರೆ. ಹಣ ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅವತ್ತು ಮನೆಗೆ ಬಂದು ಫ್ರೇಮ್ ಕೆಳಗಿಳಿಸಿದೆ.

ಕೋಚಿಂಗ್ ಅಂದರೆ ಏನು ಎಂದು ಇಲ್ಲೇ ಹೇಳಿಬಿಡುತ್ತೇನೆ. ತನ್ನ ಬದುಕನ್ನು ತಾನೇ ನಡೆಸಿಕೊಂಡು ಹೋಗುತ್ತಿರುವ, ಆದರೆ ಒಂದು ತಿರುವಿನಲ್ಲಿ ನಿಂತಿರುವ ಮನುಷ್ಯನ ಜೊತೆ ಕೂತು, ಪ್ರಶ್ನೆ ಕೇಳಿ, ಅವರ ಯೋಚನೆ ಅವರಿಗೇ ತಿಳಿಯಾಗುವ ಹಾಗೆ ಮಾಡುವುದು. ಬುದ್ಧಿ ಹೇಳುವ ಹಾಗಿಲ್ಲ. ಕಾಯಿಲೆ ವಾಸಿ ಮಾಡುವ ಹಾಗಂತೂ ಇಲ್ಲವೇ ಇಲ್ಲ. ಆ ಹೆಣ್ಣುಮಗಳಿಗೆ ಬೇಕಾಗಿದ್ದದ್ದು ವೈದ್ಯರು. ಅದನ್ನು ಗುರುತಿಸುವುದೇ ಮೊದಲ ದಿನದ ನನ್ನ ಕೆಲಸವಾಗಿತ್ತು. 13 ಗಂಟೆಯಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಾನೂನಿನ ವಿಷಯವೂ ಜನಕ್ಕೆ ಗೊತ್ತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು, ಅದಕ್ಕೆ 1992ರ ಕಾಯ್ದೆ ಇದೆ. ರಸ್ತೆ ಬದಿ ಗೋಬಿ ಗಾಡಿ ಇಡುವವರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು. ಲೈಫ್ ಕೋಚ್ ಎಂದು ಬೋರ್ಡ್ ಹಾಕಲು ಏನೂ ಬೇಡ. ಆ ಹೆಸರಿಗೆ ಯಾವ ಕಾಯ್ದೆಯೂ ಬೇಲಿ ಹಾಕಿಲ್ಲ. ಹಾಗಾಗಿ 'ಸರ್ಟಿಫೈಡ್' ಅನ್ನುವ ಪದಕ್ಕೆ ತನ್ನಷ್ಟಕ್ಕೆ ಯಾವ ತೂಕವೂ ಇಲ್ಲ. ಯಾರು ಸರ್ಟಿಫೈ ಮಾಡಿದರು, ಎಷ್ಟು ಗಂಟೆ ಕಲಿಸಿ ಮಾಡಿದರು ಅನ್ನುವುದರಲ್ಲಿ ತೂಕ ಇದೆ.

ಈ ಕೆಲಸಕ್ಕೆ ಜಗತ್ತಿನ ಬಹಳಷ್ಟು ಕಡೆ ಒಪ್ಪುವ ಅಳತೆ ಒಂದಿದೆ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಐಸಿಎಫ್ ಅನ್ನುತ್ತಾರೆ. 1995ರಲ್ಲಿ ಅಮೆರಿಕದಲ್ಲಿ ಶುರುವಾದ ಕೋಚ್‌ಗಳ ಸಂಘ. ಸರ್ಕಾರಿ ಸಂಸ್ಥೆ ಅಲ್ಲ, ಅದು ಕೊಡುವುದು ಲೈಸೆನ್ಸೂ ಅಲ್ಲ. ಆದರೆ ಅದು ಕೊಡುವ ಸರ್ಟಿಫಿಕೇಟುಗಳ ಮೊದಲ ಮೆಟ್ಟಿಲಾದ ಎಸಿಸಿ ಹತ್ತಬೇಕಾದರೂ 60 ಗಂಟೆ ತರಗತಿ ಆಗಿರಬೇಕು. 100 ಗಂಟೆ ಕೋಚಿಂಗ್ ಮಾಡಿದ ಲೆಕ್ಕ ಇರಬೇಕು, ಅದೂ ಕನಿಷ್ಠ 8 ಜನರ ಜೊತೆ. ಮೆಂಟರ್ ಜೊತೆ, ಅಂದರೆ ನಮ್ಮ ಕೋಚಿಂಗ್ ಕೇಳಿ ತಿದ್ದುವ ಅನುಭವಿ ಕೋಚ್ ಜೊತೆ 10 ಗಂಟೆ, ಅದನ್ನು ಒಂದೇ ವಾರದಲ್ಲಿ ಮುಗಿಸುವ ಹಾಗಿಲ್ಲ, ಮೂರು ತಿಂಗಳಿಗಾದರೂ ಹರಡಬೇಕು. ಕೊನೆಗೆ ಪರೀಕ್ಷೆ. ಎರಡನೇ ಮೆಟ್ಟಿಲು ಪಿಸಿಸಿಗೆ 125 ಗಂಟೆ ಓದು, 500 ಗಂಟೆ ಕೆಲಸ. ಮೂರನೆಯದು ಎಂಸಿಸಿ, ಅದಕ್ಕೆ 200 ಗಂಟೆ ಓದು, 2,500 ಗಂಟೆ ಕೆಲಸ. ಒಮ್ಮೆ ಸಿಕ್ಕಿತು ಎಂದು ಕೂರುವಂತಿಲ್ಲ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 40 ಗಂಟೆ ಹೊಸ ಕಲಿಕೆ ತೋರಿಸಬೇಕು. ನಡತೆಯ ನಿಯಮಾವಳಿ ಇದೆ, ಅದನ್ನು ಮೀರಿದ ಕೋಚ್ ಮೇಲೆ ದೂರು ಕೊಡಲು ದಾರಿ ಇದೆ. ಯುರೋಪಿನಲ್ಲಿ ಹುಟ್ಟಿದ ಇಎಂಸಿಸಿ ಎಂಬ ಸಂಘಕ್ಕೂ ಇಂಥದ್ದೇ ಅಳತೆಗಳಿವೆ.

ನಾನು ಕೊರೋನಾ ಕಾಲದಲ್ಲಿ ಝೂಮ್ ತರಗತಿಗೆ ಸೇರಿ, 60 ಗಂಟೆ ಮುಗಿಸಿ, ಎಸಿಸಿ ಮಾಡಿಕೊಂಡೆ. ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಖರ್ಚಾಯಿತು. ಎಲ್ಲರ ಕೈಲಿ ಆಗುವ ಮಾತಲ್ಲ, ನನಗೆ ಪಿಂಚಣಿ ಇತ್ತು, ಮಗಳ ಒತ್ತಾಸೆ ಇತ್ತು. ಆ 60 ಗಂಟೆಯಲ್ಲಿ ಕಲಿತದ್ದು ಬೇಕಾದಷ್ಟಿದೆ. ಆದರೆ ನನ್ನನ್ನು ನಿಜವಾಗಿ ಬದಲಿಸಿದ್ದು ಮೆಂಟರ್ ಜೊತೆಗಿನ ಆ ಹತ್ತು ಗಂಟೆ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಎದುರಿಗಿರುವವರ ಒಪ್ಪಿಗೆ ಪಡೆದು ನಮ್ಮ ಮಾತುಕತೆಯನ್ನು ರೆಕಾರ್ಡ್ ಮಾಡಬೇಕು. ಮೆಂಟರ್ ಅದನ್ನು ನಮ್ಮ ಜೊತೆ ಕೂತು ಕೇಳುತ್ತಾರೆ. ನನ್ನ ಮೊದಲ ರೆಕಾರ್ಡಿಂಗ್ 42 ನಿಮಿಷದ್ದು. ಚೆನ್ನಾಗಿ ಮಾಡಿದ್ದೇನೆ ಎಂದುಕೊಂಡಿದ್ದೆ. ಮೆಂಟರ್ ಏನೂ ಹೇಳಲಿಲ್ಲ. 'ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ನೀವು ಎಷ್ಟು ಹೊತ್ತು ಮಾತಾಡಿದ್ದೀರಿ ನೋಡಿ' ಅಂದರು. ಲೆಕ್ಕ ಹಾಕಿದೆ. 27 ನಿಮಿಷ. ಬಂದವರಿಗೆ ಸಿಕ್ಕಿದ್ದು ಬರೀ ಕಾಲು ಗಂಟೆ.

ಆಮೇಲೆ ಹನ್ನೊಂದನೇ ನಿಮಿಷಕ್ಕೆ ಹೋದರು. ಅಲ್ಲಿ ಆ ಹುಡುಗ, ಕೆಲಸ ಬದಲಿಸುವ ಬಗ್ಗೆ ಹೇಳುತ್ತಿದ್ದವನು, 'ನಮ್ಮಪ್ಪ ಇದ್ದಿದ್ರೆ...' ಎಂದು ನಿಲ್ಲಿಸಿದ್ದ. ಒಂದು ಉಸಿರು ಎಳೆದುಕೊಂಡದ್ದು ಕೇಳಿಸುತ್ತದೆ. ಅಷ್ಟರಲ್ಲಿ ನನ್ನ ದನಿ: 'ಸರಿ, ಈಗ ನಿಮ್ಮ ಗುರಿಗೆ ಬರೋಣ.' ಮೆಂಟರ್ ಅದನ್ನು ಮೂರು ಸಲ ಹಾಕಿ ಕೇಳಿಸಿದರು. ಮೂರನೇ ಸಲ ನನಗೆ ಕಣ್ಣು ತುಂಬಿ ಬಂತು. 26 ವರ್ಷ ಕ್ಲಾಸಿನಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ನನಗೆ ಮೊದಲೇ ಗೊತ್ತಿರುತ್ತಿತ್ತು. ಉತ್ತರ ಗೊತ್ತಿಲ್ಲದೆ ಕೇಳುವುದು, ಕೇಳಿ ಸುಮ್ನೆ ಕಾಯುವುದು ನನಗೆ ಬರುತ್ತಿರಲಿಲ್ಲ. ಇದನ್ನು ಯಾವ ಪುಸ್ತಕವೂ ತೋರಿಸುತ್ತಿರಲಿಲ್ಲ. ಇನ್ನೊಬ್ಬರು ಕಿವಿಗೊಟ್ಟು ಕೇಳಿದ್ದರಿಂದ ಗೊತ್ತಾಯಿತು.

ಎಸಿಸಿ ಬಂದ ಮೇಲೆ ಮತ್ತೆ ಒಂಟಿಯಾದೆ. ಡಾಕ್ಟರಿಗೆ ಆಸ್ಪತ್ರೆ ಇದೆ, ವಕೀಲರಿಗೆ ಬಾರ್ ಅಸೋಸಿಯೇಷನ್ ಇದೆ, ಮೇಷ್ಟ್ರಿಗೆ ಸ್ಟಾಫ್ ರೂಮ್ ಇದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, 'ಎಂಟನೇ ಬಿ ಸೆಕ್ಷನ್ ಹುಡುಗ ಹೀಗೆ ಮಾಡ್ತಾನಲ್ಲ, ಏನು ಮಾಡಲಿ' ಎಂದು ಕೇಳಬಹುದು. ಕೋಚ್ ಒಂದು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾರೆ. ಗುಟ್ಟು ಕಾಪಾಡಬೇಕು, ಹಾಗಾಗಿ ಮನೆಯಲ್ಲೂ ಹೇಳುವಂತಿಲ್ಲ. ತಪ್ಪಾದರೆ ತಪ್ಪು ಎಂದು ಹೇಳುವವರಿಲ್ಲ. ಐಸಿಎಫ್‌ಗೆ ಬೆಂಗಳೂರಿನಲ್ಲಿ ಶಾಖೆ ಇದೆ. ಆದರೆ ಅಲ್ಲಿಗೆ ಹೋಗಿ ಬರಲು ಒಂದು ಇಡೀ ದಿನ ಬೇಕು.

2022ರಲ್ಲಿ ಮೈಸೂರಿನಲ್ಲೇ ನಾವು ನಾಲ್ವರು ಸೇರಲು ಶುರು ಮಾಡಿದೆವು. ಈಗ ಏಳು ಜನ ಇದ್ದೇವೆ. ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬರು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಎಚ್‌ಆರ್, ಒಬ್ಬರು ನರ್ಸ್. ಮಂಡ್ಯದಿಂದ ಒಬ್ಬ ಹುಡುಗ ಬೆಳಗಿನ ಟ್ರೈನಿಗೆ ಬರುತ್ತಾನೆ. ತಿಂಗಳ ಮೊದಲ ಭಾನುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು, ಸರಸ್ವತಿಪುರದಲ್ಲಿ ನಮ್ಮಲ್ಲೊಬ್ಬರ ಮನೆ ಮಹಡಿಯಲ್ಲಿ ಕೂರುತ್ತೇವೆ. ಮೂವರ ಗುಂಪು ಮಾಡಿಕೊಳ್ಳುತ್ತೇವೆ. ಒಬ್ಬರು ಕೋಚ್, ಒಬ್ಬರು ತಮ್ಮದೇ ನಿಜವಾದ ಒಂದು ವಿಷಯ ತಂದವರು, ಮೂರನೆಯವರು ಸುಮ್ಮನೆ ಕೂತು ಗಮನಿಸುವವರು. ಇಪ್ಪತ್ತು ನಿಮಿಷ. ಆಮೇಲೆ ಮೂರನೆಯವರು ತಾವು ಕಂಡದ್ದನ್ನು ಹೇಳುತ್ತಾರೆ. ಮುಖಸ್ತುತಿ ಇಲ್ಲ. 'ನೀವು ಅಲ್ಲಿ ಗಡಿಯಾರ ನೋಡಿದಿರಿ, ಅವರ ಮಾತು ಅಲ್ಲೇ ನಿಂತಿತು' ಎಂದು ನರ್ಸ್ ಮೇಡಂ ಒಮ್ಮೆ ನನಗೆ ಹೇಳಿದರು. ಆವತ್ತಿನಿಂದ ನನ್ನ ರೂಮಿನ ಗಡಿಯಾರ ನನ್ನ ಬೆನ್ನ ಹಿಂದಿನ ಗೋಡೆಗೆ ಹೋಯಿತು. ಅದರ ಬದಲು ಮೊಬೈಲಿನಲ್ಲಿ ಮೆಲ್ಲಗಿನ ಅಲಾರಾಂ ಇಡುತ್ತೇನೆ.

ಇಲ್ಲಿ ಸೇರಿದ ಮೇಲೆ ಸಿಕ್ಕ ಇನ್ನೊಂದು ಲಾಭ ಕನ್ನಡ. ನಾವೆಲ್ಲ ಕಲಿತದ್ದು ಇಂಗ್ಲಿಷಿನಲ್ಲಿ. ಆ ಪ್ರಶ್ನೆಗಳನ್ನು ಹಾಗೇ ಕನ್ನಡಕ್ಕೆ ಎತ್ತಿ ಹಾಕಿದರೆ ಮದ್ದೂರಿನ ಕಡೆಯಿಂದ ಬಂದವರು ಮುಖ ಮುಖ ನೋಡುತ್ತಾರೆ. 'ನಿಮ್ಮ ಭಾವನೆ ದೇಹದ ಯಾವ ಭಾಗದಲ್ಲಿದೆ' ಎಂದು ಕೇಳಿದರೆ ಯಾರು ಏನು ಹೇಳುತ್ತಾರೆ? ಅದೇ ಮಂಡ್ಯದ ಹುಡುಗ ಒಬ್ಬ ರೈತರ ಹತ್ತಿರ, 'ಅದನ್ನ ನೆನೆಸ್ಕೊಂಡ್ರೆ ಎಂಗಾಗ್ತದೆ ಅಣ್ಣ?' ಎಂದು ಕೇಳಿದನಂತೆ. 'ಎದೆ ಮೇಲೆ ಯಾರೋ ಒಳಕಲ್ಲು ಇಟ್ಟಂಗೆ' ಅಂದರಂತೆ. ಅಲ್ಲಿಂದ ಮಾತು ಹರಿಯಿತು. ಹೊಟ್ಟೆ ಉರಿಯುತ್ತದೆ, ಕರುಳು ಕಿತ್ತು ಬರುತ್ತದೆ, ಎದೆ ಧಸಕ್ಕೆನ್ನುತ್ತದೆ ಎಂದು ದಿನಾ ಹೇಳುವ ಜನ ನಾವು. ನಮ್ಮ ಭಾಷೆಯಲ್ಲಿ ಇದು ಆಗಲೇ ಇದೆ, ಅಲ್ವಾ? ನಮಗೆ ಬರುವ ವಿಷಯಗಳೂ ಇಲ್ಲಿನವೇ. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಕಬ್ಬಿನ ಗದ್ದೆ ನೋಡಿಕೊಳ್ಳಬೇಕಾ, ಅತ್ತೆ ಮಾವನನ್ನು ಬಿಟ್ಟು ಬೇರೆ ಮನೆ ಮಾಡಬೇಕಾ, ಮೂರನೇ ಸಲವೂ ಕೆಎಎಸ್ ಬರೆಯಬೇಕಾ. ಇಂಥ ಪ್ರಶ್ನೆ ತಂದವರ ಜೊತೆ ಕನ್ನಡದಲ್ಲಿ ಹೇಗೆ ಕೂತು ಮಾತಾಡಬೇಕು ಎಂದು ನಾವು ತಿಂಗಳು ತಿಂಗಳೂ ಕಲಿಯುತ್ತಿದ್ದೇವೆ.

ಕಳೆದ ವರ್ಷ ನಮ್ಮಲ್ಲೇ ಒಬ್ಬರು, ನಾವೂ ಒಂದು ಸಂಘ ನೋಂದಾಯಿಸಿ ಸರ್ಟಿಫಿಕೇಟ್ ಕೊಡೋಣ ಅಂದರು. ಎರಡು ತಿಂಗಳು ಚರ್ಚೆಯಾಯಿತು. ಬೇಡ ಎಂದು ನಾನು ಗಟ್ಟಿಯಾಗಿ ಹೇಳಿದೆ. ಸರ್ಟಿಫಿಕೇಟ್ ಕೊಡುವ ಅರ್ಹತೆ ನಮಗಿಲ್ಲ. ಬದಲಿಗೆ ಒಂದು ಮಾತು ಒಪ್ಪಿಕೊಂಡಿದ್ದೇವೆ. ಹೊಸದಾಗಿ ಬಂದವರ ಜೊತೆ ಮೊದಲ ಹತ್ತು ನಿಮಿಷದಲ್ಲೇ ನಮ್ಮ ಓದು ಎಷ್ಟು ಗಂಟೆ, ಯಾರು ಕಲಿಸಿದ್ದು, ನಾವು ಏನು ಮಾಡುವುದಿಲ್ಲ ಎಂದು ಹೇಳಬೇಕು. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಇಲ್ಲ, ಬದುಕು ಬೇಡ ಅನ್ನಿಸುತ್ತದೆ ಎಂಬ ಮಾತು ಬಂದರೆ ಅವತ್ತಿನ ಫೀಸ್ ತೆಗೆದುಕೊಳ್ಳದೆ ವೈದ್ಯರ ಕಡೆ ಕಳಿಸಬೇಕು. ಸುಮ್ಮನೆ ಹೋಗಿ ಎಂದರೆ ಹೋಗುವುದಿಲ್ಲ, ಹೆದರಿಕೆ ಇರುತ್ತದೆ. ಅಲ್ಲೇ ಕೂತು ಜೊತೆಯಲ್ಲೇ ಫೋನ್ ಮಾಡುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಆದರೂ ನಾನು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಗೊತ್ತಿರುತ್ತದೆ. ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಈ ನಂಬರನ್ನು ಆಗಾಗ ಹಾಕಿ.

ಓದುಗರಲ್ಲಿ ಒಂದು ಕೋರಿಕೆ. ಕೋಚ್ ಹತ್ತಿರ ಹೋಗುವುದಾದರೆ ಗೋಡೆ ಮೇಲಿನ ಫ್ರೇಮ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಐಸಿಎಫ್ ಎಂದು ಹೇಳಿದರೆ ಅವರ ಹೆಸರನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ಅದಕ್ಕಿಂತ ಮುಖ್ಯವಾಗಿ ಒಂದು ಪ್ರಶ್ನೆ ಕೇಳಿ: 'ನಿಮ್ಮ ಕೆಲಸವನ್ನ ಯಾರು ಕೇಳಿಸ್ಕೊಳ್ತಾರೆ? ಯಾರ ಹತ್ರ ತೋರಿಸ್ತೀರಿ?' ಹೆಸರು ಹೇಳಬೇಕಿಲ್ಲ. ಮೆಂಟರ್ ಇದ್ದಾರೆ, ಒಂದು ಗುಂಪಿದೆ, ತಿಂಗಳಿಗೊಮ್ಮೆ ಕೂರುತ್ತೇವೆ ಎಂದರೆ ಸಾಕು. ಪ್ರಶ್ನೆಗೆ ಸಿಟ್ಟು ಬಂದರೆ ಎದ್ದು ಬನ್ನಿ. 2019ರಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಎರಡು ದಿನದ ಕೋರ್ಸ್ ಮಾಡಿ ಸರ್ಟಿಫಿಕೇಟ್ ಹಿಡಿದು ಕೂತಿರುವವರು ಮೈಸೂರು, ಮಂಡ್ಯದಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಕೆಟ್ಟವರು ಎಂದು ನನಗೆ ಯಾರೂ ಕಂಡಿಲ್ಲ. ಹೆಚ್ಚಿನವರು ನನ್ನ ಹಾಗೆ ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಎಂದು ಹೊರಟವರು. ಅವರು ನಮ್ಮ ಜೊತೆ ಬಂದು ಕೂರಲಿ. ಫೀಸ್ ಇಲ್ಲ, ಟೀ ತಿಂಡಿಗೆ ಐವತ್ತು ರೂಪಾಯಿ ಹಾಕಿಕೊಳ್ಳುತ್ತೇವೆ. ನನ್ನ ಫೋನ್ ನಂಬರ್ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ, ಕೇಳಿದವರಿಗೆ ದಯವಿಟ್ಟು ತಿಳಿಸಿ. ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಕೆರೆ ಏರಿಯ ಮೇಲೆ ಇರುತ್ತೇವೆ. ಮಂಡ್ಯದಿಂದ ಬರುವವರಿದ್ದರೆ ಆ ಹುಡುಗ ಸ್ಟೇಷನ್ನಿನಲ್ಲಿ ಸಿಗುತ್ತಾನೆ, ಜೊತೆಗೇ ಬರಬಹುದು.

ಇತಿ,
ನಿವೃತ್ತ ಗಣಿತ ಶಿಕ್ಷಕಿ, ಕುವೆಂಪುನಗರ, ಮೈಸೂರು
(ಹೆಸರು, ವಿಳಾಸ ಪತ್ರಿಕೆಗೆ ತಿಳಿಸಿದೆ)